ಹಿಪ್ಪರಗಿಯ ಹೊಳೆ: ಹರಿಗೋಲು, ದೋಣಿ, ಬುರುಡೆಗಳ ವಿಚಾರ

ಹಿಪ್ಪರಗಿ ಎಂದೊಡನೆ ನಮ್ಮ ವಾಚಕರಲ್ಲಿ ಬಹುಜನರ ಮನಸ್ಸು ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯತ್ತ ಹರಿಯುವುದು ಸಹಜ. ನಾವು ಇಲ್ಲಿ ಬರೆಯಹೊರಟಿರುವುದು ಆ ಊರಿನ ಬಗೆಗಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ, ಜಮಖಂಡಿ ಮತ್ತು ರಬಕವಿ-ಬನಹಟ್ಟಿಗಳ ಸೀಮೆಯಲ್ಲಿ, ಕೃಷ್ಣಾನದಿಯ ತೀರದಲ್ಲಿರುವ ಹಿಪ್ಪರಗಿಯ ಬಗೆಗೆ. ಸುಮಾರು 6 ಟಿ.ಎಂ.ಸಿ. ನೀರನ್ನು ತಡೆದು ನಿಲ್ಲಿಸುವ ಬ್ಯಾರೇಜು ಇಲ್ಲಿರುವುದರಿಂದ ಮಳೆಗಾಲ ಬಂತೆಂದರೆ ಈ ಊರಿನ ಹೆಸರು ದಿನಪತ್ರಿಕೆಗಳಲ್ಲಿ ನಿತ್ಯವೂ ಕಾಣಿಸುತ್ತದೆ: ಇಷ್ಟು ಒಳಹರಿವು, ಇಷ್ಟು ಹೊರಹರಿವು ಎಂದು. ನೋಡಲು ಬರುವ ಜನರು ನೀರನ್ನು ಕಂಡು, ದಡದಲ್ಲಿ ಬುತ್ತಿ ಬಿಚ್ಚಿ ಉಂಡು, ಮರಳಿ ಹೋಗುತ್ತಾರೆ. ಕಳೆದ ಕಾರ್ತಿಕ ಮಾಸದಲ್ಲಿ ನಾವು ಅಲ್ಲಿಗೆ ಹೋದದ್ದು ನೀರನ್ನು ನೋಡುವುದಕ್ಕಿಂತ ಹೆಚ್ಚಾಗಿ, ಆ ನೀರಿನ ಮೇಲೆ ಜನರನ್ನು ಹೊತ್ತು ಸಾಗುವ ಸಾಧನಗಳನ್ನು ನೋಡುವುದಕ್ಕಾಗಿ.

ಇದಕ್ಕೊಂದು ಕಾರಣವುಂಟು. 2019ರ ಆಗಸ್ಟಿನಲ್ಲಿ ಕೃಷ್ಣೆಯು ಉಕ್ಕಿ ಬಂದಾಗ ಈ ಭಾಗದ ನದಿತೀರದ ಹಳ್ಳಿಗಳ ಜನರು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. ಆ ದಿನಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಜನ ನೀರಿಗಿಳಿಸಿದರು. ಅನಂತರ ಈ ಸೀಮೆಯಲ್ಲಿ ನಾವು ಪ್ರವಚನಕ್ಕೆ ಹೋದಲ್ಲೆಲ್ಲ, ಪ್ರಸಾದದ ಪಂಕ್ತಿಯಲ್ಲಿ ಒಂದೇ ಚರ್ಚೆ: ಹರಿಗೋಲು ಮೇಲೋ, ಕಬ್ಬಿಣದ ದೋಣಿ ಮೇಲೋ, ಟ್ರಾಕ್ಟರಿನ ಟ್ಯೂಬೇ ಸಾಕೋ? ಒಬ್ಬೊಬ್ಬರದು ಒಂದೊಂದು ಮತ. ವಾದ ಮಾಡುವವರಲ್ಲಿ ಅನೇಕರು ಈ ಸಾಧನಗಳಲ್ಲಿ ಒಂದನ್ನೇ ಬಲ್ಲವರು. ಎಲ್ಲವನ್ನೂ ಹತ್ತಿ ಇಳಿದವರು ವಿರಳ. ಆದುದರಿಂದ ಇವೆಲ್ಲವನ್ನೂ ಬಲ್ಲ ಹಳೆಯ ಅಂಬಿಗರನ್ನು ಕಂಡು, ಸಾಧ್ಯವಾದಷ್ಟನ್ನು ಸ್ವತಃ ಹತ್ತಿ ನೋಡಿ, ಕಂಡುದನ್ನು ಬರೆಯೋಣವೆಂದು ನಿಶ್ಚಯಿಸಿದೆವು.

ಮೊದಲು ಹೊಳೆಯ ಸ್ವಭಾವವನ್ನು ತಿಳಿಯಬೇಕು. ಮಹಾಬಲೇಶ್ವರದಲ್ಲಿ ಹುಟ್ಟಿ ಮಹಾರಾಷ್ಟ್ರದ ನೀರನ್ನೆಲ್ಲ ಕೂಡಿಸಿಕೊಂಡು ಬರುವ ಕೃಷ್ಣೆ ಇಲ್ಲಿ ಕಪ್ಪುಮಣ್ಣಿನ ಬಯಲಿನಲ್ಲಿ ಹರಿಯುತ್ತಾಳೆ. ಹಿಂದಿನ ಕಾಲದಲ್ಲಿ ಅವಳಿಗೆ ಎರಡೇ ರೂಪ. ಮಳೆಗಾಲದಲ್ಲಿ ಕೆಂಪುನೀರಿನ ಮಹಾಪೂರ. ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಳು, ನಡುವೆ ಮರಳು, ಕಲ್ಲು. ಬೇಸಿಗೆಯ ಆ ಬರಿದಾದ ಪಾತ್ರವನ್ನು ನೋಡಿ ನೋಡಿ ಬೇಸತ್ತ ರೈತರೇ ಅಲ್ಲವೆ ಸರಕಾರದ ದಾರಿ ಕಾಯದೆ, ತಮ್ಮ ಹಣವನ್ನೂ ಬೆವರನ್ನೂ ಸುರಿದು, ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಬ್ಯಾರೇಜನ್ನು ಕಟ್ಟಿ ಮುಗಿಸಿದ್ದು! ಮುಂದಾಳಾಗಿ ನಿಂತವರು ಸಿದ್ದು ನ್ಯಾಮಗೌಡರು. ಅದಕ್ಕೆ ದೊರೆತ ಹೆಸರು ಶ್ರಮಬಿಂದು ಸಾಗರ. ಕಾಯಕವೆಂಬ ಶಬ್ದಕ್ಕೆ ಈ ಸೀಮೆಯ ಜನರು ಕೊಟ್ಟ ಅರ್ಥವದು. ಹಿಪ್ಪರಗಿಯ ಬ್ಯಾರೇಜು ಅದಕ್ಕಿಂತ ಮೇಲುಗಡೆ ಇದೆ. ಇವೆರಡರ ದೆಸೆಯಿಂದಲೂ, ಇನ್ನೂ ಕೆಳಗಿನ ಆಲಮಟ್ಟಿಯ ಹಿನ್ನೀರಿನಿಂದಲೂ ಹೊಳೆಗೆ ಮೂರನೆಯ ರೂಪವೊಂದು ಬಂದಿದೆ. ಅದು ವರ್ಷದ ಬಹುಭಾಗ ನಿಂತ ನೀರಿನ ರೂಪ. ಕೆರೆಯಂತೆ ಅಗಲ, ಕೆರೆಯಂತೆ ಮೌನ. ಆದರೆ ಜುಲೈ, ಆಗಸ್ಟು ತಿಂಗಳುಗಳಲ್ಲಿ ಗೇಟುಗಳು ತೆರೆದುಕೊಂಡಾಗ ಹಳೆಯ ಕೃಷ್ಣೆಯೇ ಮತ್ತೆ ಮೈದೋರುತ್ತಾಳೆ. ಸಾಧನಗಳ ಗುಣದೋಷವನ್ನು ತೂಗುವಾಗ ಯಾವ ಕೃಷ್ಣೆಯ ಮೇಲೆ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ. ನಿಂತ ನೀರಿನಲ್ಲಿ ಉತ್ತಮವೆನಿಸಿದ್ದು ಸೆಳವಿನಲ್ಲಿ ಅಧಮವಾಗಬಹುದು.

ಹರಿಗೋಲಿನಿಂದಲೇ ಪ್ರಾರಂಭಿಸುವುದು ನ್ಯಾಯ. ಬಿದಿರಿನ ಸೀಳುಗಳನ್ನು ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮವನ್ನು ಹೊದಿಸಿದ ಈ ದುಂಡು ವಾಹನವನ್ನು ಕಾವೇರಿಯ ಕಡೆ ತೆಪ್ಪ ಎನ್ನುವರು, ರಾಯಚೂರಿನ ಕಡೆ ಪುಟ್ಟಿ ಎನ್ನುವರು. ಹೆಸರು ಬೇರೆಯಾದರೂ ವಸ್ತು ಒಂದೇ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯಸನು ಆನೆಗೊಂದಿಯ ಬಳಿ ತುಂಗಭದ್ರೆಯಲ್ಲಿ ಇದನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುತ್ತದೆ, ಅವಶ್ಯಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ಆದರೆ ಬೇರೆ ದೋಣಿಗಳಂತೆ ನೆಟ್ಟಗೆ ಹೋಗಲಾರದೆ ಸದಾ ಸುತ್ತುತ್ತಿರುತ್ತದೆ ಎಂಬುದು ಅವನ ವರದಿಯ ತಾತ್ಪರ್ಯ. ಐದು ಶತಮಾನಗಳ ಹಿಂದಿನ ಆ ಮಾತಿಗೆ ಇಂದೂ ಒಂದಕ್ಷರ ತಿದ್ದಬೇಕಾಗಿಲ್ಲ. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವು ದಖ್ಖನಿನ ತುಂಬಿದ ಹೊಳೆಗಳನ್ನು ದಾಟಲು ನೆಚ್ಚಿದ್ದೂ ಈ ಬುಟ್ಟಿಗಳನ್ನೇ.

ಹರಿಗೋಲು ಸುತ್ತುವುದೇಕೆ? ಅದಕ್ಕೆ ಮೂತಿಯಿಲ್ಲ, ಬಾಲವಿಲ್ಲ, ಬುಡದಲ್ಲಿ ನೀರನ್ನು ಸೀಳುವ ಏಣಿಲ್ಲ. ಒಂದು ಪಕ್ಕದಲ್ಲಿ ಹುಟ್ಟು ಹಾಕಿದರೆ ಮುಂದೆ ಹೋಗುವ ಬದಲು ತನ್ನ ಸುತ್ತ ತಾನೇ ತಿರುಗುತ್ತದೆ. ಆದುದರಿಂದ ಬಲ್ಲ ಅಂಬಿಗನು ಹಿಂದೆ ಕುಳಿತು ನೀರನ್ನು ತಳ್ಳುವುದಿಲ್ಲ. ಮುಂದಿನ ಅಂಚಿನಲ್ಲಿ ಕುಳಿತು, ಹುಟ್ಟನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹಾವಿನ ನಡಿಗೆಯಂತೆ ಆಡಿಸುತ್ತ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಆಗ ಹರಿಗೋಲು ತೊನೆಯುತ್ತ ಮುಂದೆ ಸಾಗುತ್ತದೆ. ನಾವು ಕುಳಿತ ಹರಿಗೋಲು ಸುಮಾರು 8 ಅಡಿ ಅಗಲದ್ದು. ನಾವು ಮೂವರು, ಅಂಬಿಗನೊಬ್ಬ. ಹತ್ತುವಾಗ ಆತ ಹೇಳಿದ್ದು ಒಂದೇ ಮಾತು: “ನಡಬರಕ ಕಾಲಿಡ್ರಿ, ಅಂಚ ಹಿಡದ ಕುಂದರ್ರಿ, ನಿಂದರಬ್ಯಾಡ್ರಿ.” ನಡುವೆ ಕಾಲಿಟ್ಟಾಗ ಬುಡವು ಪಾದದ ಕೆಳಗೆ ಮೆಲ್ಲನೆ ಬಾಗಿತು. ಮೊದಲ ಅನುಭವಕ್ಕೆ ಅದು ಭಯವನ್ನೇ ತರುತ್ತದೆ. ಆದರೆ ಆ ಬಾಗುವಿಕೆಯೇ ಅದರ ಬಲ. ಅಲೆ ಬಂದಾಗ ಬಿದಿರು ಬಳುಕಿ ಅಲೆಗೆ ಹೊಂದಿಕೊಳ್ಳುತ್ತದೆ. ಕಲ್ಲು ತಗುಲಿದಾಗ ಒಡೆಯದೆ ಒಳಗೆ ಸರಿದು ಮತ್ತೆ ಹೊರಗೆ ಬರುತ್ತದೆ. ಬುಡ ಅಗಲವೂ ಚಪ್ಪಟೆಯೂ ಆದುದರಿಂದ ಒಂದು ಗೇಣು ನೀರಿದ್ದರೂ ತೇಲುತ್ತದೆ, ಸುಲಭವಾಗಿ ಮಗುಚುವುದಿಲ್ಲ.

ದೋಷಗಳೂ ಇಲ್ಲದಿಲ್ಲ. ಸೆಳವಿನ ವಿರುದ್ಧ ಅದು ಏರಲಾರದು. ಆಚೆ ದಡ ಸೇರುವಷ್ಟರಲ್ಲಿ ಹೊಳೆಯು ಅದನ್ನು ಬಹುದೂರ ಕೆಳಗೆ ಒಯ್ದಿರುತ್ತದೆ. ಆಗ ಅಂಬಿಗನು ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ದಡಗುಂಟ ಮೇಲಕ್ಕೆ ನಡೆದು, ಮತ್ತೆ ನೀರಿಗಿಳಿಸಬೇಕು. ಮಳೆ ಬಂದರೆ ಅದೇ ಅವನಿಗೆ ಕೊಡೆ. ಎಲ್ಲರೂ ಒಂದೇ ಪಕ್ಕಕ್ಕೆ ವಾಲಿದರೆ ಅಂಚು ನೀರಿಗೆ ತಾಗಿ ತುಂಬಿಕೊಳ್ಳುತ್ತದೆ. ಚರ್ಮವನ್ನು ಆಗಾಗ ಒಣಗಿಸಿ, ಎಣ್ಣೆ ಉಣಿಸದಿದ್ದರೆ ಕೊಳೆಯುತ್ತದೆ. ಈಗ ಚರ್ಮದ ಹರಿಗೋಲು ಅಪರೂಪವೇ ಸರಿ. ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಾಳೆಗಳನ್ನು ಹೊದಿಸಿ ಡಾಂಬರು ಬಳಿಯುತ್ತಾರೆ. ಡಾಂಬರಿನದು ಸೋರುವುದು ಕಡಿಮೆ, ಆದರೆ ಗಡುಸು. ಬಿಸಿಲಿಗೆ ಒಣಗಿ ಬಿರುಕು ಬಿಟ್ಟರೆ ತಿಳಿಯುವುದೇ ಇಲ್ಲ. ಚರ್ಮ ಹಾಗಲ್ಲ, ಕೆಡುವ ಮುನ್ನ ವಾಸನೆಯಿಂದ ಸೂಚನೆ ಕೊಡುತ್ತಿತ್ತೆಂದು ಆ ಅಂಬಿಗನ ಅಭಿಪ್ರಾಯ. ಪ್ರವಾಸಿ ತಾಣಗಳಲ್ಲಿ ನಾರುಗಾಜಿನ ಹರಿಗೋಲುಗಳೂ ಬಂದಿವೆ. ಅವು ಬಾಳಿಕೆಯಲ್ಲಿ ಉತ್ತಮವಾದರೂ ಬಳುಕುವುದಿಲ್ಲ. ಹರಿಗೋಲಿನ ಆಕಾರ ಉಳಿದು ಗುಣದ ಅರ್ಧಭಾಗ ಹೋಗಿದೆ ಎಂದೇ ನಮಗೆ ತೋರುತ್ತದೆ.

ಹರಿಗೋಲಿನಲ್ಲಿ ಕುಳಿತಾಗ ನಮಗೆ ಹೊಳೆದ ಒಂದು ವಿಚಾರವನ್ನು ಶರಣಬಂಧುಗಳೊಡನೆ ಹಂಚಿಕೊಳ್ಳಬೇಕು. ಬಿದಿರನ್ನು ಸೀಳಿ ಹೆಣೆಯುವುದು ಮೇದರ ಕೇತಯ್ಯನ ಕಾಯಕ. ಚರ್ಮವನ್ನು ಹದಮಾಡುವುದು ಡೋಹರ ಕಕ್ಕಯ್ಯನ ಕಾಯಕ. ಹುಟ್ಟು ಹಾಕುವುದು ಅಂಬಿಗರ ಚೌಡಯ್ಯನ ಕಾಯಕ. ಹನ್ನೆರಡನೆಯ ಶತಮಾನದ ಈ ಮೂವರ ಕಸುಬುಗಳು ಒಂದುಗೂಡಿದ ಹೊರತು ಹರಿಗೋಲೆಂಬುದೇ ಇಲ್ಲ. ಮಡಿಮೈಲಿಗೆಯ ಮಾತು ಊರೊಳಗೆ ಎಷ್ಟೇ ಬಿಗಿಯಾಗಿದ್ದಿರಲಿ, ತುಂಬಿದ ಹೊಳೆಯ ದಡದಲ್ಲಿ ನಿಂತವನು ಇದು ಯಾವ ಪಶುವಿನ ಚರ್ಮ, ಹದ ಮಾಡಿದವನು ಯಾವ ಕುಲದವನು ಎಂದು ಕೇಳಿ ಹತ್ತಿದ್ದಿಲ್ಲ. ಎಲ್ಲರೂ ಒಂದೇ ಚರ್ಮದ ಮೇಲೆ ಮಂಡಿಗೆ ಮಂಡಿ ತಾಗಿಸಿ ಕುಳಿತೇ ದಾಟಿದರು. ದಾಟಿದ ಮೇಲೆ ಮತ್ತೆ ಬೇರೆ ಬೇರೆಯಾದರೆಂಬುದು ದುಃಖದ ಸಂಗತಿ. ಚೌಡಯ್ಯನು ಬೇರೆ ಶರಣರಂತೆ ಇಷ್ಟದೈವದ ಹೆಸರನ್ನು ಅಂಕಿತವಾಗಿ ಇಡದೆ ತನ್ನ ಕಾಯಕಸಹಿತವಾದ ಹೆಸರನ್ನೇ ಇಟ್ಟುಕೊಂಡುದರ ಹಿಂದಿನ ಕೆಚ್ಚು, ಈ ದಡದಲ್ಲಿ ನಿಂತು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ.

ಇನ್ನು ದೋಣಿ. ಹಲಗೆಯ ಉದ್ದನೆಯ ದೋಣಿಗಳು ಈ ಭಾಗದಲ್ಲಿ ಕಡಿಮೆಯಾಗಿ ಅವುಗಳ ಸ್ಥಾನವನ್ನು ಕಬ್ಬಿಣದ ತಗಡಿನ ದೋಣಿಗಳು ಆಕ್ರಮಿಸಿವೆ. ಉದ್ದನೆಯ ದೋಣಿಗೆ ಹರಿಗೋಲಿಗಿಲ್ಲದ ಒಂದು ಗುಣವುಂಟು: ಅದಕ್ಕೆ ದಿಕ್ಕು ಗೊತ್ತು. ಮೂತಿಯನ್ನು ಎತ್ತ ತಿರುಗಿಸಿದರೆ ಅತ್ತ ನೆಟ್ಟಗೆ ಹೋಗುತ್ತದೆ, ಸೆಳವಿನ ವಿರುದ್ಧವೂ ಏರುತ್ತದೆ. ಆದರೆ ಅದೇ ಸೆಳವಿಗೆ ಅಡ್ಡಲಾಗಿ ಸಿಕ್ಕಿತೋ, ಉದ್ದನೆಯ ಪಕ್ಕವೆಲ್ಲ ನೀರಿನ ಹೊಡೆತಕ್ಕೆ ಒಡ್ಡಿಕೊಂಡು ಮಗುಚುವ ಸಂಭವ. ಹೀಗಾಗಿ ದೋಣಿ ನಡೆಸುವವನು ಮೂತಿಯನ್ನು ಸದಾ ಸೆಳವಿಗೆ ಎದುರು ಓರೆಯಾಗಿ ಹಿಡಿದು, ಹೊಳೆಯ ಬಲದಿಂದಲೇ ಆಚೆ ದಡಕ್ಕೆ ಜಾರಿಕೊಳ್ಳುತ್ತಾನೆ. ಹರಿಗೋಲಿಗೆ ಅಡ್ಡವೆಂಬುದೇ ಇಲ್ಲ. ಎಲ್ಲ ಪಕ್ಕವೂ ಒಂದೇ. ತುಂಬಿದ ಹೊಳೆಯಲ್ಲಿ ಅನನುಭವಿಯ ಕೈಯಲ್ಲಿ ದೋಣಿಗಿಂತ ಹರಿಗೋಲು ಕಡಿಮೆ ಅಪಾಯಕಾರಿ ಎಂದು ಹಿರಿಯರು ಹೇಳುವುದು ಈ ಕಾರಣದಿಂದ. ಮರದ ದೋಣಿಯಲ್ಲಿ ನೀರು ತುಂಬಿದರೂ ಹಲಗೆ ತೇಲುತ್ತದೆ, ಹಿಡಿದು ಬದುಕಬಹುದು. ಕಬ್ಬಿಣದ್ದು ತುಂಬಿದರೆ ನೇರವಾಗಿ ತಳ ಕಾಣುತ್ತದೆ.

ರಬಕವಿಯಿಂದ ಆಚೆ ದಡದ ಮಹಿಷವಾಡಗಿಗೆ ಹೋಗುವ ಜನರು ಬಹುಕಾಲದಿಂದ ನೆಚ್ಚಿದ್ದು ದೋಣಿಯನ್ನೇ. ಸೇತುವೆಯ ಮಾತು ಅಲ್ಲಿ ವರ್ಷಗಳಿಂದ ಇದೆ. ಸುತ್ತುಬಳಸಿನ ರಸ್ತೆಯನ್ನು ತಪ್ಪಿಸಲು ಅಥಣಿ ಕಡೆಯ ಜನರು, ಸಂತೆಗೆ ಬರುವವರು, ನೇಕಾರರು, ವಿದ್ಯಾರ್ಥಿಗಳು ಎಲ್ಲರೂ ನೀರಿನ ದಾರಿ ಹಿಡಿಯುತ್ತಾರೆ. ಎರಡು ದೋಣಿಗಳನ್ನು ಪಕ್ಕಪಕ್ಕಕ್ಕೆ ಇಟ್ಟು, ಮೇಲೆ ಹಲಗೆಯ ಅಟ್ಟ ಬಿಗಿದು, ಎಂಜಿನ್ನು ಜೋಡಿಸಿದ ಜೋಡುದೋಣಿ ಈ ಭಾಗದ ವಿಶೇಷ. ಮೋಟಾರ್ ಸೈಕಲ್ಲುಗಳು ಅದರ ಮೇಲೆ ಸಾಲಾಗಿ ನಿಲ್ಲುತ್ತವೆ. ಕಂಕಣವಾಡಿಯ ಬಳಿಯ ಗುಹೇಶ್ವರ ಗಡ್ಡೆಯ ರೈತರು ಇಂಥದರ ಮೇಲೆಯೇ ಟ್ರಾಕ್ಟರನ್ನೂ ಕಬ್ಬನ್ನೂ ದಾಟಿಸುತ್ತಾರೆ.

ಜೋಡುದೋಣಿಯ ಸವಾರಿಯು ಕುಳಿತವರಿಗೆ ಅತ್ಯಂತ ಸುಖಕರ. ಮನೆಯ ಪಡಸಾಲೆಯಲ್ಲಿ ಕುಳಿತಂತೆ, ಅಲುಗಾಟವೇ ಇಲ್ಲ. ನಮ್ಮ ಅಂಬಿಗನಿಗೆ ಈ ಸುಖದ ಮೇಲೆಯೇ ಸಂಶಯ. ಹರಿಗೋಲು ತೂಗಿ ತೂಗಿ ‘ಹುಷಾರು’ ಎನ್ನುತ್ತದೆ. ದೋಣಿಯು ಪಕ್ಕಕ್ಕೆ ವಾಲಿ ಎಚ್ಚರಿಸುತ್ತದೆ. ಜೋಡುದೋಣಿ ಮಾತ್ರ ಕೊನೆಯ ಕ್ಷಣದವರೆಗೆ ಏನನ್ನೂ ಹೇಳುವುದಿಲ್ಲ. ಎರಡರಲ್ಲಿ ಒಂದು ದೋಣಿಗೆ ಸೋರಿಕೆಯಾಗಿ ಒಳಗೆ ನೀರು ಕೂಡುತ್ತಿದ್ದರೂ ಮೇಲಿನ ಅಟ್ಟದವರಿಗೆ ಗೊತ್ತಾಗದು. ಒಳಗಿನ ಆ ನೀರು ಸುಮ್ಮನಿರುವುದಿಲ್ಲ, ವಾಲಿದ ಕಡೆಗೇ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಅಷ್ಟರಲ್ಲಿ ಹೆದರಿದ ಜನ ಒಂದೇ ಕಡೆಗೆ ಸರಿದರೆ ಮುಗಿಯಿತು. ಸುಖಾಸನದಲ್ಲಿರುವವನಿಗೆ ಅಪಾಯ ತಿಳಿಯುವುದು ತಡವಾಗಿ. ಆದುದರಿಂದ ಜೋಡುದೋಣಿ ಹತ್ತುವ ನಮ್ಮ ವಾಚಕ ಬಂಧುಗಳು ಮೊದಲು ಕೆಳಗಿನ ಎರಡೂ ದೋಣಿಗಳೊಳಗೆ ಬಗ್ಗಿ ನೋಡಬೇಕು. ಒಳಗೆ ನೀರಿದ್ದರೆ ಅದನ್ನು ಎತ್ತಿ ಚೆಲ್ಲುವವರೆಗೆ ಹತ್ತಕೂಡದು. ತೇಲುವ ಅಂಗಿಗಳನ್ನು ಮೂಲೆಯಲ್ಲಿ ಗಂಟುಕಟ್ಟಿ ಇಟ್ಟಿರುವುದನ್ನು ನಾವು ಕಂಡಿದ್ದೇವೆ. ಅವು ಮೈಮೇಲೆ ಇರತಕ್ಕವೇ ಹೊರತು ಮೂಲೆಯಲ್ಲಲ್ಲ.

ಇಲ್ಲೊಂದು ವಿಷಯಾಂತರ. ಅಂದು ನಮ್ಮೊಡನೆ ಬಂದಿದ್ದ ಭಕ್ತರ ಮೊಮ್ಮಗನೊಬ್ಬ ಅಮೆರಿಕೆಯಲ್ಲಿ ಓದುತ್ತಿರುವ ಹುಡುಗ. ಹುಟ್ಟು, ಬುಡ, ಅಂಚುಗಳ ಈ ಚರ್ಚೆಯನ್ನು ಕೇಳಿ ಅವನಿಗೆ ತನ್ನ ಆಟವೊಂದರ ನೆನಪಾಯಿತು. ಅದರ ಹೆಸರು ವೇಕ್‌ಸ್ಕೇಟ್. ಮೂರೂವರೆ ಅಡಿಯ ಆಸುಪಾಸಿನ ಒಂದು ಹಲಗೆ; ಅದರ ಮೇಲೆ ನಿಂತು, ಮೋಟಾರು ದೋಣಿಯ ಹಿಂದಿನ ಹಗ್ಗವನ್ನು ಹಿಡಿದು ನೀರಿನ ಮೇಲೆ ಜಾರುವುದು. ಕಾಲುಗಳನ್ನು ಹಲಗೆಗೆ ಕಟ್ಟುವುದಿಲ್ಲವೆಂಬುದೇ ಅದರ ವೈಶಿಷ್ಟ್ಯ. ಹಲಗೆಗಳಲ್ಲೂ ಜಾತಿಗಳುಂಟಂತೆ. ಬುಡವು ತುದಿಯಿಂದ ತುದಿಗೆ ಒಂದೇ ಸಮನೆ ಬಾಗಿರುವುದು ಮೆತ್ತಗೆ, ನಂಬಿಗಸ್ತವಾಗಿ ಸಾಗುತ್ತದೆ. ನಡುವೆ ಚಪ್ಪಟೆಯಾಗಿದ್ದು ಎರಡೂ ತುದಿಗಳಲ್ಲಿ ಒಮ್ಮೆಲೆ ಮೇಲೆದ್ದಿರುವುದು ಅಲೆಯ ಮೇಲೆ ಥಟ್ಟನೆ ಮೇಲಕ್ಕೆ ಚಿಮ್ಮುತ್ತದೆ, ಇಳಿಯುವಾಗ ಗಡುಸು. ಬಾಗು ಕಡಿಮೆಯಾದಷ್ಟೂ ವೇಗ ಹೆಚ್ಚು, ಆದರೆ ಮೂತಿ ನೀರಿಗೆ ಚುಚ್ಚುವ ಭಯವೂ ಹೆಚ್ಚು. ಅಂಚು ಚೂಪಾಗಿದ್ದರೆ ನೀರನ್ನು ಕಚ್ಚಿ ಹಿಡಿಯುತ್ತದೆ. ಗುಂಡಾಗಿದ್ದರೆ ತಪ್ಪನ್ನು ಕ್ಷಮಿಸುತ್ತದೆ. ಉದ್ದನೆಯದು ನಿಧಾನದ ವೇಗದಲ್ಲೂ ಹೊರುತ್ತದೆ. ಗಿಡ್ಡದ್ದು ಬೇಗ ತಿರುಗುತ್ತದೆ. ಮರದ್ದು ಬಳುಕುತ್ತದೆ, ನೀರು ಕುಡಿದು ಕಾಲಕ್ರಮದಲ್ಲಿ ಕೆಡುತ್ತದೆ. ಕೃತಕ ವಸ್ತುವಿನದು ಬಾಳುತ್ತದೆ. ಕಾಲು ಜಾರದಿರಲು ಮೇಲೆ ಉಜ್ಜುಕಾಗದದಂಥ ಒರಟು ಪಟ್ಟಿ. ಬರಿಗಾಲಿಗೆ ಅದು ತರಚುತ್ತದೆಂದು ಕೆಲವರು ಮೆತ್ತನೆಯ ಹೊದಿಕೆಯನ್ನು ಬಯಸುತ್ತಾರೆ.

ಹುಡುಗನು ತನ್ನ ಮೊಬೈಲಿನಲ್ಲಿ ಇದರ ಚಲಚ್ಚಿತ್ರವನ್ನು ತೋರಿಸಿದ. ನಾವೆಲ್ಲ ಹಲಗೆಯ ಮೇಲಿನವನ ಜಿಗಿತವನ್ನು ನೋಡಿ ಬೆರಗಾಗುತ್ತಿದ್ದರೆ ಅಂಬಿಗನು ಮಾತ್ರ, “ಬುಡ ತೋರಸ್ರಿ” ಎಂದ. ಬುಡದ ಚಿತ್ರವನ್ನು ಹಿಗ್ಗಿಸಿ ಬಹಳ ಹೊತ್ತು ನೋಡಿದ. ಅನಂತರ ಕೇಳಿದ ಪ್ರಶ್ನೆ ಇದು: ಹಗ್ಗ ಸಡಿಲಾದರೆ ಏನಾಗುತ್ತದೆ? ನಿಂತವನು ಹಲಗೆಯೊಡನೆ ನೀರಿನೊಳಗೆ ಇಳಿಯುತ್ತಾನೆ, ಅಷ್ಟು ಚಿಕ್ಕ ಹಲಗೆ ವೇಗವಿಲ್ಲದೆ ಮನುಷ್ಯನ ಭಾರವನ್ನು ಹೊರಲಾರದು ಎಂದು ಹುಡುಗ ಒಪ್ಪಿಕೊಂಡ. “ಹಂಗಾದ್ರ ತೇಲಸೂದು ಹಲಗಿ ಅಲ್ಲ, ಓಟ” ಎಂದು ಅಂಬಿಗ ಚಿತ್ರವನ್ನು ಹಿಂದಿರುಗಿಸಿದ. ಓದುಬರಹ ಅಷ್ಟಾಗಿ ಅರಿಯದ ಆತನು ಒಂದು ಚಿತ್ರದಿಂದ ಗ್ರಹಿಸಿದ ಈ ಭೇದವು ನೌಕಾಶಾಸ್ತ್ರದ ಮೂಲಭೇದಗಳಲ್ಲೊಂದು: ತನ್ನ ಗಾತ್ರದಿಂದ ನೀರನ್ನು ಸರಿಸಿ ತೇಲುವವು ಒಂದು ವರ್ಗ, ವೇಗದಿಂದ ನೀರಿನ ಮೇಲೆದ್ದು ಜಾರುವವು ಇನ್ನೊಂದು ವರ್ಗ. ಮೊದಲನೆಯವು ದಾಟುವವರಿಗೆ, ಎರಡನೆಯದರಲ್ಲಿ ಈ ಹಲಗೆ ಆಟಕ್ಕೆ. ಆಟವನ್ನು ನಾವು ಹಳಿಯುವುದಿಲ್ಲ. ನೀರಿನ ಭಯ ಹೋಗಬೇಕಾದರೆ ನೀರಿನಲ್ಲಿ ಆಡಿಯೇ ಹೋಗಬೇಕು.

ಪ್ರವಾಹ ಬಂದಾಗ ಸೈನ್ಯದವರೂ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪಡೆಯವರೂ ತರುವ ರಬ್ಬರು ದೋಣಿಯು ಈ ಎರಡು ವರ್ಗಗಳ ಗುಣವನ್ನೂ ಕೂಡಿಸಿಕೊಂಡಿದೆ. ಹಗುರವಾಗಿದ್ದಾಗ ಎಂಜಿನ್ನಿನ ವೇಗದಿಂದ ನೀರಿನ ಮೇಲೆ ಜಾರುತ್ತದೆ. ಎಂಜಿನ್ನು ನಿಂತರೂ ಗಾಳಿಯ ಕೋಣೆಗಳ ಬಲದಿಂದ ತೇಲುತ್ತದೆ. ಕೋಣೆಗಳು ಬೇರೆ ಬೇರೆಯಾದುದರಿಂದ ಒಂದು ಹರಿದರೆ ಉಳಿದವು ಹೊರುತ್ತವೆ. ಈ ಭಾಗದಲ್ಲಿ ಅದಕ್ಕೆ ಶತ್ರುವೆಂದರೆ ನೀರಲ್ಲ, ನೀರೊಳಗಿನ ಕಬ್ಬು. ಮುಳುಗಿದ ಕಬ್ಬಿನ ರವದಿ, ಬೇಲಿಯ ತಂತಿಗಳು ಎಂಜಿನ್ನಿನ ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ಜಾಲಿಯ ಮುಳ್ಳು ರಬ್ಬರಿಗೆ ಹಗೆ. ಹೊರಗಿನಿಂದ ಬಂದ ಪಡೆಯವರಿಗೆ ಯಾವುದು ರಸ್ತೆ, ಯಾವುದು ಹೊಲ, ಬಾವಿ ಎಲ್ಲಿದೆ ಎಂಬುದು ತಿಳಿಯದು. ಊರಿನವನೊಬ್ಬ ಮುಂದೆ ಕುಳಿತು ಕೈತೋರಿಸಿದರೆ ಆ ದೋಣಿಯ ಬೆಲೆ ಇಮ್ಮಡಿಯಾಗುತ್ತದೆ.

ಟ್ರಾಕ್ಟರಿನ ಟ್ಯೂಬಿನ ಬಗೆಗೆ ಹೆಚ್ಚು ಬರೆಯಬೇಕಾಗಿಲ್ಲ. ನೀರಿನ ಮೇಲೆ ಎತ್ತರಕ್ಕೆ ಕೂರುವುದರಿಂದ ಗಾಳಿ ಬೀಸಿದ ಕಡೆಗೆ ಹೋಗುತ್ತದೆ. ಗಾಳಿಯ ಕೋಣೆ ಒಂದೇ. ಮುಳ್ಳೂ ಒಂದೇ ಸಾಕು. ಬಾಳೆದಿಂಡಿನ ತೆಪ್ಪವು ಕಡಿದ ದಿನ ಚೆನ್ನಾಗಿ ತೇಲುತ್ತದೆ, ದಿನ ಕಳೆದಂತೆ ನೀರು ಹೀರಿ ಭಾರವಾಗುತ್ತದೆ, ಮೈ ಜಾರುಬಂಡೆಯಂತೆ. ಕಬ್ಬಿನ ನಾಡಾದ್ದರಿಂದ ಬೆಲ್ಲದ ಕಡಾಯಿಯನ್ನು ನೀರಿಗಿಳಿಸುವುದೂ ಉಂಟು. ಮೇಲುಗಡೆ ಕೊಲ್ಹಾಪುರದ ಸೀಮೆಯಲ್ಲಿಯೂ ಪ್ರವಾಹದಲ್ಲಿ ಹೀಗೆಯೇ ಮಾಡುತ್ತಾರೆ. ಆಕಾರದಲ್ಲಿ ಅದು ಹರಿಗೋಲಿನ ತಮ್ಮನಂತೆ ಕಂಡರೂ ಗುಣದಲ್ಲಿ ಪರಕೀಯ: ಬಳುಕದು, ಅಂಚು ತಗ್ಗು, ತುಂಬಿದರೆ ಕಬ್ಬಿಣದ ಗುಂಡು. ಊರೊಳಗಿನ ನಿಂತ ನೀರಿನಲ್ಲಿ ಮನೆಯಿಂದ ಮನೆಗೆ ಮುದುಕರನ್ನು ಸಾಗಿಸಲು, ಇಬ್ಬರು ಎರಡು ಪಕ್ಕ ಹಿಡಿದು ನಡೆಯುವಂತಿದ್ದರೆ ಅಡ್ಡಿಯಿಲ್ಲ. ಹರಿಯುವ ಹೊಳೆಗೆ ಅದನ್ನು ತರುವುದು ಸಾಹಸವಲ್ಲ, ಅವಿವೇಕ.

ಈ ಎಲ್ಲಕ್ಕಿಂತ ಹಳೆಯದೂ, ಎಲ್ಲಕ್ಕಿಂತ ಅಗ್ಗದ್ದೂ ಆದ ಸಾಧನವೆಂದರೆ ಒಣಗಿಸಿದ ಸೋರೆ ಅಥವಾ ಕುಂಬಳದ ಬುರುಡೆ. ನಾವು ಚಿಕ್ಕವರಿದ್ದಾಗ ಬಾವಿಯಲ್ಲಿ ಈಜು ಕಲಿತದ್ದು ಬೆನ್ನಿಗೆ ಬುರುಡೆ ಕಟ್ಟಿಕೊಂಡೇ. ಬಲಿತ ಕಾಯಿಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಡಬೇಕು. ಸೀಳಿಲ್ಲದ್ದನ್ನು ಆರಿಸಿ, ಅಲುಗಿಸಿದಾಗ ಒಳಗಿನ ಬೀಜ ಗಲಗಲ ಎಂದರೆ ಸಿದ್ಧವಾಯಿತೆಂದು ತಿಳಿಯಬೇಕು. ಎರಡನ್ನು ಹಗ್ಗದ ಜಾಳಿಗೆಯಲ್ಲಿಟ್ಟು ಕಂಕುಳ ಕೆಳಗೆ ಬರುವಂತೆ ಕಟ್ಟಿದರೆ ಎರಡೂ ಕೈಗಳು ಬಿಡುವಾಗಿರುತ್ತವೆ. ಬೋರಲು ಕೊಡವನ್ನು ಹಿಡಿದು ಈಜುವವರೂ ಇದ್ದಾರೆ. ಆದರೆ ಕೊಡ ವಾಲಿದೊಡನೆ ಗಾಳಿ ತಪ್ಪಿಸಿಕೊಂಡು ಹೋಗುತ್ತದೆ, ಬುರುಡೆಯ ಗಾಳಿ ಬುರುಡೆಯಲ್ಲಿಯೇ ಇರುತ್ತದೆ. ಅದು ಯಾರನ್ನೂ ನೀರಿನ ಮೇಲೆ ಕೂರಿಸುವುದಿಲ್ಲ. ಮೈಯೆಲ್ಲ ನೀರಿನಲ್ಲೇ ಇರುತ್ತದೆ, ತಲೆ ಮಾತ್ರ ಮೇಲೆ. ಮಗುಚುವ ಭಯವಿಲ್ಲ, ಏಕೆಂದರೆ ಮಗುಚಲು ಏನೂ ಇಲ್ಲ. 2013ರ ಪ್ರವಾಹದಲ್ಲಿ ಕೆಳಗಡೆ ಸುರಪುರ ತಾಲೂಕಿನ ನೀಲಕಂಠರಾಯನ ಗಡ್ಡೆಯ ತುಂಬುಗರ್ಭಿಣಿಯೊಬ್ಬಳು, ಆಸ್ಪತ್ರೆ ಸೇರಲು ಬೇರೆ ದಾರಿಯಿಲ್ಲದೆ, ತಂದೆ ಸೋದರರ ಸಂಗಡ ಬುರುಡೆ ಕಟ್ಟಿಕೊಂಡು ಇದೇ ಕೃಷ್ಣೆಯನ್ನು ಈಜಿ ದಾಟಿದ ಸುದ್ದಿ ನಾಡೆಲ್ಲ ಹರಡಿತ್ತು. ಜನರು ಆಕೆಯ ಧೈರ್ಯವನ್ನು ಕೊಂಡಾಡಿದರು; ಕೊಂಡಾಡತಕ್ಕದ್ದೇ. ಆದರೆ ಆ ಗಡ್ಡೆಯ ಜನರಿಗೆ ಬುರುಡೆ ಕಟ್ಟುವುದು ಮೊದಲೇ ತಿಳಿದಿತ್ತೆಂಬುದನ್ನು ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಅಂದು ಕಲಿಯಲು ಹೊರಟಿದ್ದರೆ ಧೈರ್ಯವೊಂದೇ ದಾಟಿಸುತ್ತಿರಲಿಲ್ಲ.

ಹಿಪ್ಪರಗಿಯಲ್ಲಿ ನಮ್ಮ ಮನಸ್ಸನ್ನು ಕಲಕಿದ್ದು ಇದೇ. ದಡದ ಹುಡುಗರನ್ನು ಮಾತನಾಡಿಸಿದೆವು. ಮನೆ ಬಾಗಿಲಿಗೆ ನೀರಿದ್ದರೂ ಈಜು ಬಲ್ಲವರು ಕೆಲವರೇ. ಸೆಳವಿನಲ್ಲಿ ಎಲ್ಲಿ ಇಳಿದರೆ ಎಲ್ಲಿ ಏಳಬಹುದೆಂಬ ಲೆಕ್ಕ ಯಾರಿಗೂ ಇಲ್ಲ. ಅವರು ಕಂಡ ಕೃಷ್ಣೆ ನಿಂತ ಕೃಷ್ಣೆ. ಗೇಟು ತೆರೆದಾಗ ಅವರು ದಡದಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಗೇಟುಗಳ ಮೇಲುಗಡೆ ನೀರು ಮೇಲ್ನೋಟಕ್ಕೆ ಶಾಂತವಾಗಿ ಕಂಡರೂ ಒಳಗೆ ಎಳೆತವಿರುತ್ತದೆ. ಗೇಟುಗಳ ಕೆಳಗೆ ಬಿದ್ದ ನೀರು ಹಿಂದಕ್ಕೆ ಹೊರಳಿ ಹೊರಳಿ, ಸಿಕ್ಕಿದ ವಸ್ತುವನ್ನು ಬಿಡದೆ ಅಲ್ಲಿಯೇ ತಿರುಗಿಸುತ್ತದೆ. ಮರದ ದಿಮ್ಮಿಯೊಂದು ಅಲ್ಲಿ ಸಿಕ್ಕಿಕೊಂಡು ಹೊತ್ತಿಗಟ್ಟಲೆ ಮುಳುಗಿ ಏಳುತ್ತಿದ್ದುದನ್ನು ಅಂಬಿಗನು ವರ್ಣಿಸಿದ. ಆ ಜಾಗದಲ್ಲಿ ಹರಿಗೋಲೂ ಇಲ್ಲ, ದೋಣಿಯೂ ಇಲ್ಲ, ಬುರುಡೆಯೂ ಇಲ್ಲ. ಮೇಲೆ ಕೆಳಗೆ ಎರಡೂ ಕಡೆ ಬಹುದೂರ ಬಿಟ್ಟೇ ನೀರಿಗಿಳಿಯಬೇಕು.

ಹೊರಡುವ ಮುನ್ನ ನಾವು ಅಂಬಿಗನಿಗೆ ಕೇಳಿದೆವು: ರಾತ್ರಿ ಹೊಳೆ ಮನೆಗೆ ಬಂದರೆ ಯಾವುದನ್ನು ಹತ್ತುವೆ? ಆತನು ಬಹಳ ಯೋಚಿಸಲಿಲ್ಲ. ಸೆಳವಿಲ್ಲದ ಕಡೆ, ಹೆಂಗಸರು ಮಕ್ಕಳಿದ್ದರೆ ಹರಿಗೋಲು. ನಾಲ್ಕು ಜನಕ್ಕಿಂತ ಹೆಚ್ಚು ಹತ್ತಿಸುವುದಿಲ್ಲ, ಎರಡು ಸಲ ಹೋಗುತ್ತೇನೆ. ಸೆಳವಿದ್ದರೆ ಎಂಜಿನ್ನಿನ ದೋಣಿ ಬರುವವರೆಗೆ ಎತ್ತರದ ಜಾಗದಲ್ಲಿ ಕಾಯುತ್ತೇನೆ. ಯಾವುದನ್ನೇ ಹತ್ತಿದರೂ ಮಕ್ಕಳ ಮೈಗೆ ಬುರುಡೆ ಮೊದಲು ಕಟ್ಟುತ್ತೇನೆ. ಕೊನೆಯ ಮಾತನ್ನು ಹೇಳುತ್ತ ತನ್ನ ಮನೆಯ ಜಂತಿಯನ್ನು ತೋರಿಸಿದ. ಅಲ್ಲಿ ಹೊಗೆ ಹಿಡಿದ ಐದು ಬುರುಡೆಗಳು ತೂಗುತ್ತಿದ್ದವು. ಹೊಗೆಗೆ ಹುಳು ಬೀಳುವುದಿಲ್ಲವಂತೆ. ಬೀಜ ಬೇಕೆಂದಾಗ ಸೊಸೆಯನ್ನು ಕರೆದು ಒಂದು ಹಿಡಿ ಕೊಡಿಸಿದ; ಮಠದ ಹಿತ್ತಲಿನಲ್ಲಿ ಊರಿದ್ದೇವೆ.

ಹಿಪ್ಪರಗಿಗೆ ಹೋಗಬಯಸುವವರಿಗೆ ಜಮಖಂಡಿಯಿಂದಲೂ ರಬಕವಿ-ಬನಹಟ್ಟಿಯಿಂದಲೂ ರಸ್ತೆಯುಂಟು. ಮಳೆ ನಿಂತು ನೀರು ತಿಳಿಯಾಗುವ ಕಾರ್ತಿಕದಿಂದ ಮಾಘದವರೆಗಿನ ಕಾಲ ಪ್ರಶಸ್ತ. ದೋಣಿ ಹತ್ತುವ ಇಚ್ಛೆಯಿದ್ದರೆ ಬೆಳಗಿನ ಹೊತ್ತು ಹೋಗಬೇಕು. ಮಧ್ಯಾಹ್ನದ ಮೇಲೆ ಬಯಲುಗಾಳಿ ಎದ್ದು ಹಿನ್ನೀರಿನಲ್ಲಿ ಅಲೆಗಳೇಳುತ್ತವೆ. ಅಲ್ಲಿಂದ ಕೂಡಲಸಂಗಮಕ್ಕೆ ಹೋಗಿಬರುವ ಯೋಚನೆಯುಳ್ಳವರು ಹೊತ್ತಿಗೆ ಮುಂಚೆ ಹೊರಡುವುದು ಲೇಸು.